ನಮ್ಮ ಬಾವಿಯ ನೀರಿನ ಪರೀಕ್ಷೆ



ಈ ಸಲದ ಗೋಡೆ ಪತ್ರಿಕೆಗೆ ನೀರಿನ ವಿಷಯ ನಾನೇ ಕೇಳಿ ತಗೊಂಡೆ. ನೀರು ಅಂದ ಕೂಡಲೇ "ನೀರೇ ಜೀವ, ಹನಿ ಹನಿ ಉಳಿಸಿರಿ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಸೋರುವ ನಳದ ಚಿತ್ರ ಬಿಡಿಸುವುದು ನಮ್ಮ ರೂಢಿ. ಅದೂ ಬೇಕಾದ ಮಾತೇ. ಆದರೆ ನಾನು ಬರೆಯುವುದು ನೀರು ಎಷ್ಟು ಅದ ಅನ್ನುವುದರ ಬಗ್ಗೆ ಅಲ್ಲ, ನೀರಿನೊಳಗೆ ಏನು ಅದ ಅನ್ನುವುದರ ಬಗ್ಗೆ. ಅದನ್ನು ಹೇಗೆ ಕಂಡುಹಿಡಿಯುತ್ತಾರೆ, ಕಂಡುಹಿಡಿದಾಗ ಒಂದು ಮನೆಯಲ್ಲಿ ಏನೇನಾಗುತ್ತದೆ ಅನ್ನುವುದನ್ನು ಹೋದ ಮಳೆಗಾಲದಲ್ಲಿ ನಾನು ಹತ್ತಿರದಿಂದ ನೋಡಿದೆ.

ನಮ್ಮ ಕೊಹಿನೂರಿಗೆ ವಜ್ರದ ಹೆಸರು. ನೀರು ಛಲೋ ಇದ್ದರೆ ನಾವೂ "ವಜ್ರದಂಗ ತಿಳಿ ಅವ" ಅಂತೀವಿ. ಕಣ್ಣಿಗೆ ತಿಳಿ ಇರಬೇಕು, ಬಾಯಿಗೆ ಸವಿ ಇರಬೇಕು, ಬ್ಯಾಳಿ ಬೇಗ ಬೇಯಬೇಕು. ಇಷ್ಟಿದ್ದರೆ ಆ ನೀರು ಒಳ್ಳೆಯದು, ಇದು ಊರಿನ ಲೆಕ್ಕ. ಈ ಲೆಕ್ಕದಿಂದ ನೀರು ಸಪ್ಪಗೋ ಉಪ್ಪೋ ಎಂದು ತಿಳಿಯುತ್ತದೆ. ರೋಗಾಣು ಇದೆಯೋ ಇಲ್ಲವೋ ಎಂದು ತಿಳಿಯುವುದಿಲ್ಲ.

ಯಾಕೆಂದರೆ ರೋಗಾಣು ಬಹಳ ಸಣ್ಣದು. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತೆಗೆದು ಮಿಲಿಮೀಟರಿನ ಒಂದು ಮನೆ ನೋಡಿರಿ. ಆ ಒಂದು ಮನೆಯೊಳಗೆ ಸುಮಾರು 500 ಬ್ಯಾಕ್ಟೀರಿಯಾ ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಲ್ಲಬಹುದು. ಪೋಲಿಯೊ ವೈರಸ್ ಇನ್ನೂ ಸಣ್ಣದು. ಅದೇ ಮನೆಯಲ್ಲಿ ಅವು 30 ಸಾವಿರಕ್ಕಿಂತ ಹೆಚ್ಚು ನಿಲ್ಲುತ್ತವೆ. ಒಂದು ಹನಿ ನೀರಿನಲ್ಲಿ ಸಾವಿರಗಟ್ಟಲೆ ರೋಗಾಣು ಇದ್ದರೂ ನೀರು ವಜ್ರದಂಗೇ ಕಾಣುತ್ತದೆ. ರುಚಿಯೂ ಬದಲಾಗುವುದಿಲ್ಲ.

ಬಾವಿ ಮತ್ತು ಬಾಟಲಿ

ನಮ್ಮ ಮನೆಯ ಹಿತ್ತಲದಲ್ಲಿ ಒಂದು ಸೇದುವ ಬಾವಿ ಇದೆ. 1972ರ ಬರಗಾಲದಲ್ಲಿ ನಮ್ಮ ಮುತ್ಯಾ ತೋಡಿಸಿದ್ದು. ಆ ವರ್ಷ ಹೊಲದಲ್ಲಿ ಜ್ವಾಳ ಸೈತ ಬರಲಿಲ್ಲವಂತೆ. ಮುತ್ಯಾ, ಆಯಿ ಇಬ್ಬರೂ ಕಲ್ಲು ಹೊತ್ತಿದ್ದಾರೆ. ಬೇಸಿಗೆಯಲ್ಲಿ ನಳಕ್ಕೆ ನೀರು ಬಾರದಿದ್ದಾಗ ಓಣಿಯ ಮಂದಿ ಕೊಡ ಹಿಡಿದು ನಮ್ಮ ಹಿತ್ತಲಕ್ಕೆ ಬರುತ್ತಾರೆ. ಆಯಿ ಯಾರಿಗೂ ಇಲ್ಲ ಅಂದದ್ದನ್ನು ನಾನು ನೋಡಿಲ್ಲ. ಮುತ್ಯಾ ತೀರಿಕೊಂಡ ಮೇಲೆ ಆ ಬಾವಿಯೇ ಅವಳಿಗೆ ಮುತ್ಯಾನ ಗುರುತು.

ಹೋದ ವರ್ಷ ನಮ್ಮ ವೈನಿಯ ಕೂಸಿಗೆ ಆರು ತಿಂಗಳು ತುಂಬಿ ಮೇಲಿನ ಅನ್ನ ಶುರುವಾಯಿತು. ಅದೇ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಎರಡು ಸಲ ಉಲ್ಟಿ ಜುಲಾಬ ಆಗಿ ದವಾಖಾನಿಗೆ ಒಯ್ಯಬೇಕಾಯಿತು. ವೈನಿಗೆ ಅನುಮಾನ ಬಂತು. ಅವರು ನೀರಿನ ಪರೀಕ್ಷೆಯ ತರಬೇತಿ ಪಡೆದವರು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ (ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರು) ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸುವ ಪದ್ಧತಿ ಇದೆ. ಅವರಿಗೆ ಒಂದು ಕಿಟ್ ಕೊಡುತ್ತಾರೆ. ಅದರ ಜೊತೆ ಸಣ್ಣ ಸಣ್ಣ ಬಾಟಲಿಗಳೂ ಇರುತ್ತವೆ. ಅದಕ್ಕೆ ಎಚ್‌ಟುಎಸ್ ಬಾಟಲಿ ಅನ್ನುತ್ತಾರೆ.

ವೈನಿ ಬಾಟಲಿ ಹಿಡಿದು ಬಾವಿಯ ಕಡೆ ಹೋದಾಗ ಆಯಿ ಕಟ್ಟೆಯ ಮೇಲೆ ಕುಂತಿದ್ದಳು.

"ಐವತ್ತು ವರ್ಷ ಈ ನೀರ ಕುಡದೀನಿ. ನನಗೇನ್ ಆಗ್ಯಾದ? ನಳದ ನೀರಿಗಿ ಪರೀಕ್ಷಾ ಮಾಡ್ರಿ, ಬೋರಿನ ನೀರಿಗಿ ಮಾಡ್ರಿ. ನಮ್ಮ ಬಾವಿಗಿ ಏನು ಪರೀಕ್ಷಾ?"

ವೈನಿ ಮೆಲ್ಲಗೆ ಅಂದರು: "ಆಯಿ, ನಾ ಬಾವಿಗಿ ಬೈಲತ್ತಿಲ್ಲ. ನೀರಿಗಿ ಒಂದು ಮಾತ ಕೇಳಲತ್ತೀನಿ, ಅಷ್ಟೇ."

ಅವರು ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ಬಾಟಲಿಯ ಬಾಯಿಗೆ ಬೆರಳು ತಾಗಿಸದೆ ಮುಚ್ಚಳ ತೆಗೆದರು. ಒಳಗಿನ ಔಷಧ ಚೆಲ್ಲದಂತೆ ಗೆರೆಯ ತನಕ ನೀರು ತುಂಬಿ ಮುಚ್ಚಿದರು. ದಿನಾಂಕ, ಹೊತ್ತು ಬರೆದು ಚೀಟಿ ಅಂಟಿಸಿದರು. ರೋಗಾಣು ಬೆಳೆಯಬೇಕಾದರೆ ನಮ್ಮ ಮೈಯಷ್ಟು ಬಿಸುಪು ಬೇಕು. ಮಳೆಗಾಲದ ತಂಪಿನಲ್ಲಿ ಅದು ಸಿಗುವುದಿಲ್ಲವೆಂದು ಒಲೆಯ ಪಕ್ಕದ ಗೂಡಿನಲ್ಲಿ ಬಾಟಲಿ ಇಟ್ಟರು. ಮರುದಿನ ಮುಂಜಾನೆ ನೀರು ಬೂದಿ ಬಣ್ಣವಾಗಿತ್ತು. ಸಂಜೆಗೆ ಇದ್ದಲಿಯಂಗ ಕಪ್ಪಾಯಿತು.

ಬಾಟಲಿ ಕಪ್ಪಾಗುವುದು ಯಾಕೆ?

ನಾನು ವಿಜ್ಞಾನದ ಗುರುಗಳಿಗೆ ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಮನುಷ್ಯರ, ದನಕರುಗಳ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಕೆಲವು ಗಂಧಕದ ಔಷಧ ಸಿಕ್ಕರೆ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಕೊಳೆತ ತತ್ತಿಯ ವಾಸನೆ ಬರುವುದು ಇದೇ ಅನಿಲದಿಂದ. ಬಾಟಲಿಯೊಳಗೆ ಕಬ್ಬಿಣದ ಲವಣವೂ ಇರುತ್ತದೆ. ಅನಿಲ ಅದಕ್ಕೆ ಕೂಡಿದಾಗ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಅಂದರೆ ಬಾಟಲಿ ಕಪ್ಪಾಯಿತು ಅಂದರೆ, ಈ ನೀರಿಗೆ ಎಲ್ಲಿಂದಲೋ ಹೇಸಿಗೆ ಬಂದು ಸೇರಿದೆ ಎಂದು ಅರ್ಥ. ಈ ಸರಳ ಪರೀಕ್ಷೆ ಹೊರದೇಶದಿಂದ ಬಂದದ್ದಲ್ಲ. ನಮ್ಮ ದೇಶದ ಮಂಜಾ, ಮೌರ್ಯ, ರಾವ್ ಎಂಬ ವಿಜ್ಞಾನಿಗಳು ಇದನ್ನು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕರೆಂಟ್ ಬೇಡ, ಯಂತ್ರ ಬೇಡ, ಹಳ್ಳಿಯಲ್ಲಿ ಯಾರು ಬೇಕಾದರೂ ಮಾಡಬಹುದು.

ನಾನು ಇನ್ನೊಂದು ಪ್ರಶ್ನೆ ಕೇಳಿದೆ: "ಸರ್, ಕಾಲರಾದ್ದು, ಟೈಫಾಯ್ಡ್‌ದ್ದು ಅಂತ ಒಂದೊಂದು ರೋಗಾಣುನೇ ಯಾಕ ಹುಡುಕಬಾರದು?" ಅವರು ನಕ್ಕು, "ಕಳ್ಳರು ಹತ್ತು ಜನ ಇದ್ದಾಗ ಒಬ್ಬೊಬ್ಬರ ಮುಖ ಹುಡುಕ್ತೀಯೋ, ಇಲ್ಲಾ ಗೋಡೆಗೆ ಬಿದ್ದ ಕನ್ನ ನೋಡ್ತೀಯೋ?" ಅಂದರು. ರೋಗಾಣುಗಳಲ್ಲಿ ಬಹಳ ಜಾತಿ. ನೀರಿನಲ್ಲಿ ಅವು ಕೆಲವೇ ಇರಬಹುದು, ಇವತ್ತು ಇದ್ದು ನಾಳೆ ಇರದೆ ಹೋಗಬಹುದು. ಹೇಸಿಗೆ ನೀರಿಗೆ ಬರುವ ದಾರಿ ತೆರೆದಿದ್ದರೆ ಯಾವ ರೋಗವೂ ಆ ದಾರಿಯಿಂದ ಬರಬಹುದು. ಆ ದಾರಿ ತೆರೆದಿದೆ ಎಂದು ತೋರಿಸುವ ಗುರುತು ಇ.ಕೋಲಿ ಎಂಬ ಬ್ಯಾಕ್ಟೀರಿಯಾ. 1885ರಲ್ಲಿ ಥಿಯೋಡರ್ ಎಶರಿಕ್ ಎಂಬ ಡಾಕ್ಟರು ಮಕ್ಕಳ ಮಲದಲ್ಲಿ ಇದನ್ನು ಕಂಡುಹಿಡಿದರು. ಅದರಲ್ಲಿ ಹೆಚ್ಚಿನವು ತಾವಾಗಿ ರೋಗ ತರುವುದಿಲ್ಲ. ಆದರೆ ಅದು ಇದ್ದಲ್ಲಿ ಬೇರೆಯವು ಬರಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ನಿಯಮ ಕಟ್ಟುನಿಟ್ಟು: 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ.ಕೋಲಿ ಸಹ ಸಿಗಬಾರದು.

ಬಾಟಲಿಯ ಮಾತೇ ಕಡೆಯ ಮಾತಲ್ಲ. ಕೆಲವು ಸಲ ಮಣ್ಣಿನ ಬ್ಯಾಕ್ಟೀರಿಯಾದಿಂದಲೂ ಅದು ಕಪ್ಪಾಗುತ್ತದೆ. ಅದಕ್ಕೆ ವೈನಿ ಕುದಿಸಿ ಶುದ್ಧ ಮಾಡಿದ ಬಾಟಲಿಯಲ್ಲಿ ನೀರು ತುಂಬಿ, ಬರ್ಫದಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿದರು. ಅಲ್ಲಿ 100 ಮಿಲಿಲೀಟರ್ ನೀರನ್ನು ಬಹಳ ಸಣ್ಣ ತೂತಿನ ಕಾಗದದಂಥ ಜಾಳಿಗೆಯಲ್ಲಿ ಸೋಸುತ್ತಾರೆ. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತವೆ. ಆ ಜಾಳಿಗೆಯನ್ನು ಅವುಗಳ ಆಹಾರದ ಮೇಲೆ ಹಾಸಿ 44 ಡಿಗ್ರಿ ಬಿಸುಪಿನಲ್ಲಿ ಒಂದು ದಿನ ಇಟ್ಟರೆ ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಒಂದೊಂದು ಚುಕ್ಕೆಯಾಗುತ್ತದೆ. ಚುಕ್ಕೆ ಎಣಿಸಿದರೆ ಲೆಕ್ಕ ಸಿಗುತ್ತದೆ. ನಮ್ಮ ಬಾವಿಯ ನೀರಿನಲ್ಲಿ ಇ.ಕೋಲಿ ಇದೆ ಎಂದೇ ವರದಿ ಬಂತು.

ಆಯಿ ಕೇಳಿದ ಪ್ರಶ್ನೆ

ವರದಿ ಬಂದ ದಿನದಿಂದ ಆಯಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಹಳೇ ಕಾಲದವಳು, ಹಟ ಹಿಡಿದಾಳ ಎಂದು ಅಣ್ಣ ಅಂದ. ಹಟ ಆಗಿರಲಿಲ್ಲ ಅದು.

ಮೂರನೇ ರಾತ್ರಿ ನಾನು ಅವಳ ಪಕ್ಕದಲ್ಲಿ ಮಲಗಿದ್ದೆ. ಕತ್ತಲಲ್ಲಿ ಅವಳು ಕೇಳಿದಳು: "ಆ ಬಾಟಲಿ ಆವಾಗ ಇತ್ತಂದ್ರ, ಆವಾಗೂ ಕರ್ರಗ ಆಗ್ತಿತ್ತೇನ?"

ಯಾವಾಗ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದಳು. ನಮ್ಮ ಅಪ್ಪನಿಗಿಂತ ಮೊದಲು ಆಯಿಗೆ ಒಬ್ಬ ಮಗಳಿದ್ದಳು. ಬಾವಿ ತೋಡಿ ನಾಕೈದು ವರ್ಷ ಆಗಿತ್ತು. ಒಂದು ಆಷಾಢದಲ್ಲಿ ಆ ಹುಡುಗಿಗೆ ಉಲ್ಟಿ ಜುಲಾಬ ಹತ್ತಿತು. ಎರಡನೇ ದಿನ ಬಂಡಿ ಕಟ್ಟಿ ಕಲ್ಯಾಣದ ಕಡೆ ಹೊರಟರು. ಹಾದಿಯಲ್ಲೇ ಹುಡುಗಿ ಹೋಗಿಬಿಟ್ಟಳು. ಮೂರು ವರ್ಷದವಳು. ಯಾರದೋ ದೃಷ್ಟಿ ತಾಗಿತು ಎಂದು ಮಂದಿ ಅಂದರು. ಆಯಿಯೂ ಹಾಗೇ ಅಂದುಕೊಂಡು ಇಷ್ಟು ವರ್ಷ ಇದ್ದಳು. ಆ ಹುಡುಗಿಗೂ ಇದೇ ಬಾವಿಯ ನೀರು ಸೇದಿ ಕುಡಿಸಿದವಳು ಅವಳೇ.

ಕಪ್ಪು ಬಾಟಲಿ ನೋಡಿ ಆಯಿ ಯಾಕೆ ಮಾತು ಬಿಟ್ಟಳು ಎಂದು ನನಗೆ ಆಗ ತಿಳಿಯಿತು. ಆ ರಾತ್ರಿ ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಹೆಸರು ಹೇಳದೆ ಗುರುಗಳಿಗೆ ಕೇಳಿದೆ: "ಸರ್, ಇವತ್ತು ಪರೀಕ್ಷೆ ಮಾಡಿದರೆ ಹಿಂದಿನ ಕಾಲದ ನೀರು ಹೇಗಿತ್ತು ಅಂತ ಗೊತ್ತಾಗ್ತದೇನ್ರಿ?" ಅವರು ಹೇಳಿದರು: "ಇಲ್ಲ. ಬಾಟಲಿ ತುಂಬಿದ ಹೊತ್ತಿನ ನೀರಿನ ಮಾತಷ್ಟೇ ಅದು ಹೇಳತದ. ನಿನ್ನೆಯದೂ ಹೇಳಲ್ಲ, ನಾಳೆಯದೂ ಹೇಳಲ್ಲ. ಬಾವಿ ಅದೇ ಇರಬಹುದು, ನೀರು ದಿನಾ ಹೊಸದು. ಸುತ್ತಮುತ್ತಲಿನ ನೆಲಾನೂ ಬದಲಾಗಿರತದ."

ಸಂಜೆ ಆಯಿಗೆ ಇದನ್ನೇ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನೆ ಕುಂತಳು.

"ಹಂಗಾದ್ರ ಆವಾಗಿನ ಮಾತು ಅದಕ್ಕ ಗೊತ್ತಿಲ್ಲ."

"ಇಲ್ಲ ಆಯಿ, ಗೊತ್ತಿಲ್ಲ."

"ಇವತ್ತಿಂದು ಗೊತ್ತದ."

"ಹೂಂ."

"ಹಂಗಾದ್ರ ಇವತ್ತಿನ ನೀರಾದ್ರೂ ಸರಿ ಮಾಡ್ರಿ."

ಮಿತ್ರರೇ, ಆಯಿಗೆ ಅನುಮತಿ ಕೇಳಿಯೇ ಇದನ್ನು ಬರೆದಿದ್ದೇನೆ. "ಬರಿ, ಓದಿದವರ ಮನ್ಯಾಗ ಕೂಸು ಇದ್ದೀತು" ಅಂದಳು. ಜುಲಾಬದಿಂದ ಮಕ್ಕಳು ಸಾಯುವುದು ಮೈಯೊಳಗಿನ ನೀರು, ಉಪ್ಪು ಹೋಗಿ ಒಣಗುವುದರಿಂದ. 1971ರಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಕೂಡಿಸಿದ ನೀರು ಕುಡಿಸಿ ಎಷ್ಟೋ ಜೀವ ಉಳಿಸಿದರು. ಇವತ್ತು ಅದು ಓಆರ್‌ಎಸ್ ಪಾಕೀಟಿನಲ್ಲಿ ಸಿಗುತ್ತದೆ. ಪಾಕೀಟು ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಸಿ ಸ್ವಲ್ಪ ಸ್ವಲ್ಪ ಕುಡಿಸುತ್ತಾ ದವಾಖಾನಿಗೆ ಹೋಗಬೇಕು. ಇದನ್ನು ಎಲ್ಲರೂ ಬಾಯಿಪಾಠ ಮಾಡಿರಿ.

ಗಣಿತ ಉಪಯೋಗಕ್ಕೆ ಬಂದದ್ದು

ಮೊದಲ ಕೆಲಸ ಹೇಸಿಗೆ ಬರುವ ದಾರಿ ಹುಡುಕುವುದು. ಅಣ್ಣ, ವೈನಿ, ನಾನು ಬಾವಿಯ ಸುತ್ತ ತಿರುಗಿದೆವು. ಎಮ್ಮೆ ಕಟ್ಟುವ ಕಡೆ ಕಟ್ಟೆ ಒಡೆದಿತ್ತು. ಎಮ್ಮೆ ಮೈ ತೊಳೆದ ನೀರು ಅದರ ಬುಡದಲ್ಲೇ ನಿಲ್ಲುತ್ತಿತ್ತು. ತಿಪ್ಪಿ ಮೇಲಿನ ಮಗ್ಗುಲಿಗೆ ಇತ್ತು. ಸಂಡಾಸದ ಗುಂಡಿಯಿಂದ ಬಾವಿಗೆ ಹಗ್ಗ ಹಿಡಿದು ಅಳೆದರೆ 22 ಅಡಿ. ಕಡಿಮೆ ಅಂದರೂ 50 ಅಡಿ ದೂರ ಇರಬೇಕಿತ್ತು. ಮುತ್ಯಾ ಬಾವಿ ತೋಡಿದಾಗ ಇವು ಯಾವುವೂ ಅಲ್ಲಿ ಇರಲಿಲ್ಲ. ನಮ್ಮ ಭಾಗದ ನೆಲ ಮೇಲೆ ಕರಿ ಮಣ್ಣು, ಕೆಳಗೆ ಕರಿ ಕಲ್ಲು. ಆ ಕಲ್ಲಿನಲ್ಲಿ ಬಿರುಕು ಇರುತ್ತವೆ. ಮಣ್ಣು ನೀರನ್ನು ಸ್ವಲ್ಪ ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಗುಂಡಿಯ ಹೊಲಸು ಬಿರುಕು ಹಿಡಿದು ಬಾವಿಗೆ ಸಲೀಸಾಗಿ ಬರುತ್ತದೆ.

ಕಟ್ಟೆಗೆ ಸಿಮೆಂಟು ಹಾಕಿದೆವು. ತಿಪ್ಪಿ ದೂರ ಮಾಡಿದೆವು. ಎಮ್ಮೆ ತೊಳೆದ ನೀರು ಕೆಳಗಿನ ಹೊಲಕ್ಕೆ ಹೋಗುವಂತೆ ಕಾಲುವೆ ತೆಗೆದೆವು. ಗುಂಡಿ ಬೇರೆ ಕಡೆ ತೋಡಲು ರೊಕ್ಕ ಬೇಕು. ಸುಗ್ಗಿ ಆದ ಮೇಲೆ ಎಂದು ಅಪ್ಪ ಹೇಳಿದರು.

ಆಮೇಲೆ ಬ್ಲೀಚಿಂಗ್ ಪುಡಿ. ಎಷ್ಟು ಹಾಕಬೇಕು? ಇಲ್ಲಿ ನಮ್ಮ ಗಣಿತ ಬಂತು. ಬಾವಿ ದುಂಡಗೆ ಇದೆ, ಅಂದರೆ ಸಿಲಿಂಡರ್. ಅಡ್ಡಳತೆ 3 ಮೀಟರ್, ಅಂದರೆ ತ್ರಿಜ್ಯ ಒಂದೂವರೆ ಮೀಟರ್. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟಾಗ ನೀರಿನ ಆಳ 4 ಮೀಟರ್. 22/7 × 1.5 × 1.5 × 4 = ಸುಮಾರು 28.3 ಘನ ಮೀಟರ್. ಒಂದು ಘನ ಮೀಟರಿಗೆ 1000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಎಂದು ಲೆಕ್ಕ. ನಮ್ಮ ಬಾವಿಗೆ ಸುಮಾರು 70 ಗ್ರಾಂ ಬಂತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು.

ಪುಡಿಯನ್ನು ಹಾಗೇ ಬಾವಿಗೆ ಸುರುವಬಾರದು. ಬಕೀಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂಗ ಕಲಸಿ, ಮತ್ತೆ ನೀರು ಹಾಕಿ ತಿರುವಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂಡುತ್ತದೆ. ಮೇಲಿನ ತಿಳಿ ನೀರನ್ನು ಮತ್ತೊಂದು ಬಕೀಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಒಂದು ತಾಸಿಗಿಂತ ಮೊದಲು ನೀರು ಸೇದಬಾರದು. ರಾತ್ರಿ ಹಾಕಿದರೆ ಅನುಕೂಲ. ಮುಂಜಾನೆ ವೈನಿ ಕಿಟ್ಟಿನ ಔಷಧದ ಹನಿ ಹಾಕಿ ನೀರಿನ ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡಿದರು. ಒಂದು ಲೀಟರಿನಲ್ಲಿ ಕಡಿಮೆ ಅಂದರೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿದೆ ಅಂದರೆ ಅದು ತನ್ನ ಕೆಲಸ ಮುಗಿಸಿ ಕಾವಲಿಗೂ ನಿಂತಿದೆ ಎಂದು ಅರ್ಥ.

ವಾಸನೆ ಬರುತ್ತದೆ ಎಂದು ಆಯಿ ಎರಡು ದಿನ ಆ ನೀರು ಮುಟ್ಟಲಿಲ್ಲ. ವಾಸನೆ ಹೋದ ಮೇಲೆ ವೈನಿ ಮತ್ತೊಂದು ಬಾಟಲಿ ತುಂಬಿದರು. ಎರಡು ದಿನವಾದರೂ ಅದು ಕಪ್ಪಾಗಲಿಲ್ಲ. ನಮಗೆಲ್ಲ ಖುಷಿ. ಆದರೆ ಮೂರು ವಾರದ ನಂತರ ರಾತ್ರಿ ಎಲ್ಲಾ ಮಳೆ ಹೊಡೆಯಿತು. ಆಗ ತುಂಬಿದ ಬಾಟಲಿ ಮತ್ತೆ ಕಪ್ಪಾಯಿತು. ಈ ಸಲ ಆಯಿ ಸಿಟ್ಟಾಗಲಿಲ್ಲ. "ಗುಂಡಿ ಇನ್ನ ಅಲ್ಲೇ ಅದಲ್ಲ" ಎಂದು ಅವಳೇ ಅಂದಳು. ಅಂದಿನಿಂದ ಪ್ರತಿ ದೊಡ್ಡ ಮಳೆಯ ನಂತರ ಬ್ಲೀಚಿಂಗ್, ಆಮೇಲೆ ಬಾಟಲಿ. ಕುಡಿಯುವ ನೀರು ಮನೆ ಮಂದಿಗೆಲ್ಲಾ ಕುದಿಸಿದ್ದೇ. ಓಣಿಯವರು ಬಂದರೆ, "ಒಯ್ಯಿರಿ, ಖರೇ ಕುದಿಸಿ ಕುಡೀರಿ" ಎಂದು ಆಯಿ ತಾನೇ ಹೇಳುತ್ತಾಳೆ. ಸುಗ್ಗಿ ಆದ ಮೇಲೆ ಗುಂಡಿ ಹಿತ್ತಲದ ಆ ಕಡೆ ಹೋಯಿತು.

ವೈರಸ್ ಇದಕ್ಕಿಂತ ಜಾಣ

ಬಾಟಲಿ ಕಪ್ಪಾಗಲಿಲ್ಲ ಅಂದರೆ ನೀರು ಪೂರ್ತಿ ಒಳ್ಳೆಯದೇ? ಹಾಗೆ ಹೇಳಲು ಬರುವುದಿಲ್ಲ. 1955ರ ಕೊನೆಯಲ್ಲಿ ದಿಲ್ಲಿಯಲ್ಲಿ ಯಮುನಾ ನದಿಯ ಹರಿವು ಬದಲಾಗಿ, ಊರಿಗೆ ನೀರೆತ್ತುವ ಜಾಗಕ್ಕೆ ಗಟಾರದ ನೀರು ತಿರುಗಿ ಬಂತು. ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್, ಆಮಶಂಕೆ ಹೆಚ್ಚಲಿಲ್ಲ, ಅಂದರೆ ಬ್ಯಾಕ್ಟೀರಿಯಾ ಸತ್ತವು. ಆದರೆ ಆ ಚಳಿಗಾಲದಲ್ಲಿ ಸುಮಾರು 29 ಸಾವಿರ ಜನಕ್ಕೆ ಕಾಮಾಲೆ ಬಂತು. ಅದನ್ನು ತಂದದ್ದು ಒಂದು ವೈರಸ್. ಅದರ ಗುರುತು ಹತ್ತಿದ್ದು ಬಹಳ ವರ್ಷಗಳ ಮೇಲೆ, 1983ರಲ್ಲಿ. ಇವತ್ತು ಅದಕ್ಕೆ ಹೆಪಟೈಟಿಸ್ ಇ ಎನ್ನುತ್ತಾರೆ. ಇದು ಬಸುರಿ ಹೆಣ್ಣುಮಕ್ಕಳಿಗೆ ಬಹಳ ಅಪಾಯ.

ವೈರಸ್ ಬಾಟಲಿಯ ಆಹಾರದಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಕೋಶವೇ ಬೇಕು. ಆದ್ದರಿಂದ ಪ್ರಯೋಗಾಲಯದಲ್ಲಿ ಬಹಳಷ್ಟು ನೀರಿನಿಂದ ವೈರಸ್ ಒಟ್ಟುಗೂಡಿಸಿ, ಪಿಸಿಆರ್ ಎಂಬ ಯಂತ್ರದಲ್ಲಿ ಅದರ ವಂಶವಾಹಿಯ ಒಂದು ತುಣುಕನ್ನು ಲಕ್ಷ ಕೋಟಿ ಪ್ರತಿ ಮಾಡಿ ಗುರುತಿಸುತ್ತಾರೆ. ಕೊರೊನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪರೀಕ್ಷೆಯೂ ಇದೇ. ಮುಂಬೈಯಲ್ಲಿ 2001ರಿಂದ ಗಟಾರದ ನೀರಿನಲ್ಲಿ ಪೋಲಿಯೊ ವೈರಸ್ ಹುಡುಕುತ್ತಾ ಬಂದಿದ್ದಾರೆ. 2021ರಿಂದ ಬೆಂಗಳೂರಿನ ಕೊಳಚೆ ನೀರಿನಲ್ಲಿ ಕೊರೊನಾ ವೈರಸ್ಸಿನ ಏರಿಳಿತ ನೋಡಿದರು. ಯಾರ ಮನೆಗೂ ಹೋಗದೆ, ಯಾರಿಗೂ ಸೂಜಿ ಚುಚ್ಚದೆ, ಊರಿನಲ್ಲಿ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಗಟಾರವೇ ಹೇಳುತ್ತದೆ! ಹಳ್ಳಿಯಲ್ಲಿ ಈ ಯಂತ್ರ ಇಲ್ಲ. ಆದರೆ ಒಲೆ ಇದೆ. ನೀರು ಕೊತಕೊತ ಕುದಿದರೆ ಬ್ಯಾಕ್ಟೀರಿಯಾದ ಜೊತೆಗೆ ಈ ವೈರಸ್‌ಗಳೂ ಸಾಯುತ್ತವೆ.

ನಮ್ಮ ಗಟಾರ, ಮತ್ತೊಬ್ಬರ ತಂಬಿಗಿ

ಇದು ಬರೀ ಬಾವಿಯ ಮಾತಲ್ಲ. ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಒಂದು ಕೆರೆಯ ನೀರಿನಲ್ಲಿಯೇ ಕಂಡುಹಿಡಿದರು. ಆ ಕೆರೆಯಲ್ಲಿ ಮಂದಿ ಮೈ ತೊಳೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಅದೇ ನೀರನ್ನು ಕುಡಿಯಲಿಕ್ಕೂ ಒಯ್ಯುತ್ತಿದ್ದರು. ಅದು ಹಳೇ ಕಾಲದ್ದು ಎಂದು ಬಿಡುವಂತಿಲ್ಲ. 2022ರ ಬೇಸಿಗೆಯ ಕೊನೆಗೆ ನಮ್ಮ ಕಲ್ಯಾಣ ಕರ್ನಾಟಕದ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಳದ ನೀರು ಕುಡಿದ ನೂರಕ್ಕೂ ಹೆಚ್ಚು ಮಂದಿ ದವಾಖಾನೆ ಸೇರಿದರು, ಕೆಲವರು ತೀರಿಕೊಂಡರು. ಯಾರೋ ವಿಷ ಬೆರೆಸಿದ್ದಾರೆ ಎಂದು ಮೊದಲು ಗುಮಾನಿ ಎದ್ದಿತ್ತು. ಇಂಥ ಹೊತ್ತಿನಲ್ಲಿ ಗುಮಾನಿಯಿಂದ ಜಗಳ ಬೆಳೆಯುತ್ತದೆ. ನೀರು ಪರೀಕ್ಷೆಗೆ ಹೋದರೆ ಕಾರಣ ತಿಳಿಯುತ್ತದೆ.

ನಮ್ಮ ತಾಲೂಕಿನ ಮುಲ್ಲಾಮಾರಿಯನ್ನೇ ನೋಡಿರಿ. ಅದು ಮುಂದೆ ಕಾಗಿಣಾ ನದಿಗೆ ಕೂಡುತ್ತದೆ, ಕಾಗಿಣಾ ಭೀಮಾ ನದಿಗೆ, ಭೀಮಾ ಕೃಷ್ಣೆಗೆ. ನಾವು ಹಳ್ಳಕ್ಕೆ ಬಿಟ್ಟ ಹೊಲಸು ಕೆಳಗಿನ ಊರಿನವರ ನೀರಿಗೆ ಹೋಗುತ್ತದೆ. ನದಿಯಲ್ಲಿ ಜಳಕ ಮಾಡಬೇಕಾದರೂ ಒಂದು ಮಿತಿ ಇದೆ: 100 ಮಿಲಿಲೀಟರಿನಲ್ಲಿ ಮಲದ ಬ್ಯಾಕ್ಟೀರಿಯಾ 500ರ ಒಳಗೆ ಇರಬೇಕು, 2500 ದಾಟಲೇಬಾರದು. ಕುಡಿಯಲು ಮಾತ್ರ ಸೊನ್ನೆ. ಹಳ್ಳದಲ್ಲಿ ಈಸಲು ಹೋದಾಗ ಬಾಯಿಗೆ ನೀರು ತಗೊಂಡು ಪಿಚಕಾರಿ ಬಿಡುವ ಗೆಳೆಯರು ಈ ಅಂಕಿ ನೆನಪಿಡಬೇಕು.

ಇನ್ನೊಂದು ಮಾತು. ನೀರು ತುಂಬಿದ ಜಾಗದಲ್ಲಿ ಒಳ್ಳೆಯದಿದ್ದು, ಮನೆಯ ಕೊಡದಲ್ಲಿ ಕೆಡುವುದೂ ಉಂಟು. ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಅದೇ ನೀರಿಗೆ ಕೈ ಅದ್ದಿ ಲೋಟ ಮುಳುಗಿಸಿದರೆ ಕೊಟ್ಟ ರೊಕ್ಕ ದಂಡ. ವೈನಿ ನಮ್ಮ ಅಡುಗೆಮನೆಯ ಕೊಡದ ನೀರಿಗೂ ಬೇರೆ ಬಾಟಲಿ ತುಂಬುತ್ತಾರೆ. ಈಗ ನಮ್ಮ ಮನೆಯಲ್ಲಿ ಉದ್ದ ಹಿಡಿಕೆಯ ಸವಟು ಇದೆ.

ನಾವು ಏನು ಮಾಡಬಹುದು?

1. ನಿಮ್ಮ ಓಣಿಯಲ್ಲಿ ನೀರು ಪರೀಕ್ಷೆ ಕಲಿತ ಅಕ್ಕಂದಿರು ಯಾರು ಎಂದು ಕೇಳಿ ತಿಳಿಯಿರಿ.

2. ನಿಮ್ಮ ಮನೆಯ ನೀರಿನ ಮೂಲದಿಂದ ಸಂಡಾಸದ ಗುಂಡಿ, ತಿಪ್ಪಿ, ಗಟಾರ ಎಷ್ಟು ಅಡಿ ದೂರ ಎಂದು ಅಳೆದು ಪಟ್ಟಿಯಲ್ಲಿ ಬರೆದಿಡಿರಿ.

3. ಮಳೆಗಾಲಕ್ಕೆ ಮೊದಲು ಒಂದು ಸಲ, ಮೊದಲ ದೊಡ್ಡ ಮಳೆಯ ನಂತರ ಒಂದು ಸಲ ಪರೀಕ್ಷೆ ಮಾಡಿಸಿರಿ. ಒಂದು ಸಲ ಒಳ್ಳೆಯದು ಎಂದು ಬಂದರೆ ಅದು ವರ್ಷದ ಪರವಾನಗಿ ಅಲ್ಲ.

4. ಕಪ್ಪಾದ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಅದರೊಳಗೆ ರೋಗಾಣು ಬೆಳೆದಿರುತ್ತವೆ. ಬ್ಲೀಚಿಂಗ್ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ದೂರ ಗುಂಡಿಯಲ್ಲಿ ಹುಗಿಯಬೇಕು.

5. ಯಾರ ಮನೆಯ ನೀರು ಕೆಟ್ಟಿದೆ ಎಂದು ಬಂದರೂ ಅದನ್ನು ಆಡಿಕೊಳ್ಳಬಾರದು. ಆಡಿಕೊಂಡರೆ ಮುಂದಿನ ಸಲ ಅವರು ಬಾಟಲಿ ತುಂಬಲು ಬಿಡುವುದಿಲ್ಲ.

ಐದನೆಯದನ್ನು ಪರೀಕ್ಷೆಯ ಪುಸ್ತಕದಲ್ಲಿ ನೀವು ನೋಡಲಾರಿರಿ, ಆದರೆ ಉಳಿದ ನಾಲ್ಕೂ ಅದರ ಮೇಲೆಯೇ ನಿಂತಿವೆ ಎಂದು ನನಗೆ ಅನಿಸುತ್ತದೆ.

ಕೊನೆಗೆ 10ನೇ ತರಗತಿಯವರಿಗೆ ಒಂದು ಲೆಕ್ಕ: ಒಂದು ಬಾವಿಯ ಅಡ್ಡಳತೆ 4 ಮೀಟರ್, ನೀರಿನ ಆಳ 3 ಮೀಟರ್. ಎಷ್ಟು ಗ್ರಾಂ ಬ್ಲೀಚಿಂಗ್ ಪುಡಿ ಬೇಕು? ಉತ್ತರ ಬರೆದು ಈ ಪತ್ರಿಕೆಯ ಕೆಳಗಿನ ಮೊಳೆಗೆ ಸಿಗಿಸಿರಿ. ಸರಿ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ನಿಮ್ಮ ನಿಮ್ಮ ಬಾವಿಯ ಅಳತೆ ತಂದು ಕೊಟ್ಟರೆ ಅದರ ಲೆಕ್ಕವನ್ನೂ ಕೂಡಿ ಮಾಡೋಣ.

— ಒಬ್ಬ ವಿದ್ಯಾರ್ಥಿನಿ, 10ನೇ ತರಗತಿ